ಹಾಡಿನ ಹಿಂದಿನ ಹೆಸರು ಹಿಡಿಯಿರಿ: ಎಲೆಕ್ಟ್ರಾನಿಕ್, ಹಿಪ್‌ಹಾಪ್ ಹುಡುಕಾಟಕ್ಕೊಂದು ಮಾರ್ಗದರ್ಶಿ

ಆ್ಯಪ್ ತಾನಾಗಿ ತಂದುಕೊಡುವ 'ಹೊಸ' ಹಾಡು ಬಹುಪಾಲು ನೀವು ಹೋದ ವಾರ ಕೇಳಿದ್ದರ ತಮ್ಮನೋ ತಂಗಿಯೋ ಆಗಿರುತ್ತದೆ. ಅದು ಆ್ಯಪಿನ ತಪ್ಪೇನಲ್ಲ. ನಿಮ್ಮ ಹಾಗೆಯೇ ಕೇಳುವ ಬೇರೆಯವರು ಏನು ಕೇಳುತ್ತಿದ್ದಾರೆಂದು ಲೆಕ್ಕ ಹಾಕಿ ಬಡಿಸುವುದಷ್ಟೇ ಅದರ ಕೆಲಸ. ಎಲೆಕ್ಟ್ರಾನಿಕ್ ಮತ್ತು ಹಿಪ್‌ಹಾಪ್‌ನಲ್ಲಿ ಮಾತ್ರ ಈ ಲೆಕ್ಕ ಬೇಗ ಕೈಕೊಡುತ್ತದೆ. ಕೆಲವೇ ನೂರು ಪ್ರತಿ ಅಚ್ಚಾದ 12 ಇಂಚಿನ ರೆಕಾರ್ಡ್, ನಾಲ್ಕು ಹೆಸರಲ್ಲಿ ದುಡಿಯುವ ಒಬ್ಬನೇ ಪ್ರೊಡ್ಯೂಸರ್ (ಹಾಡಿನ ಸಂಗೀತ ಕಟ್ಟುವವನು), ಸ್ಯಾಂಪಲ್, ಅಂದರೆ ಬೇರೆ ಹಾಡಿನಿಂದ ಎತ್ತಿಕೊಂಡ ತುಣುಕಿನ ಹಕ್ಕು ಸಿಗದೆ ಸ್ಟ್ರೀಮಿಂಗ್‌ಗೆ ಬಾರದ ಆಲ್ಬಮ್ ಇವೆಲ್ಲ ಆ ಲೆಕ್ಕದ ಹೊರಗೇ ಉಳಿಯುತ್ತವೆ.

ಹಾಗಾಗಿ ಇಲ್ಲಿ ಹೇಳುವ ವಿಧಾನ ಬೇರೆ. ಹಾಡಿನ ಮುಂದೆ ನಿಂತ ಗಾಯಕನನ್ನೋ ರ್‍ಯಾಪರ್‌ನನ್ನೋ ಬಿಟ್ಟು ಹಿಂದಿರುವ ನಾಲ್ಕು ಹೆಸರು ಹಿಡಿಯುವುದು: ಬೀಟ್ (ಹಾಡಿನ ಕೆಳಗೆ ಓಡುವ ತಾಳ-ವಾದ್ಯದ ಕಟ್ಟು) ಮಾಡಿದವರು, ಸ್ಯಾಂಪಲ್ ಬಂದ ಮೂಲ ಹಾಡು, ಬಿಡುಗಡೆ ಮಾಡಿದ ಲೇಬಲ್ (ರೆಕಾರ್ಡ್ ಕಂಪನಿ), ಅದನ್ನು ನುಡಿಸುವ ಡಿಜೆ. ಒಂದು ಒಳ್ಳೆ ಹಾಡು ಕೈಲಿದ್ದರೆ ಒಂದು ಭಾನುವಾರ ಮಧ್ಯಾಹ್ನದೊಳಗೆ ಇನ್ನೂ ಹತ್ತಿಪ್ಪತ್ತು ಸಿಗುತ್ತವೆ.

ಮೊದಲು ಕೇಳುವ ಸಾಧನ

ಮೊಬೈಲ್ ಸ್ಪೀಕರಿನಲ್ಲಿ ಈ ಸಂಗೀತವನ್ನು ಅಳೆಯಬೇಡಿ. ರೋಲಂಡ್ ಕಂಪನಿಯ ಟಿಆರ್-808 ಡ್ರಮ್ ಮಷಿನ್ 1980ರಲ್ಲಿ ಬಂದು 1983ಕ್ಕೆ ತಯಾರಿಕೆ ನಿಂತೂ ಹೋಯಿತು. ಆದರೆ ಅದರ ಕಿಕ್ (ದೊಡ್ಡ ಡ್ರಮ್ಮಿನ ಗುಡುಗು) ಸದ್ದು ಇವತ್ತಿಗೂ ಟ್ರ್ಯಾಪ್‌ನಿಂದ ಎಲೆಕ್ಟ್ರೊವರೆಗೆ ಎಲ್ಲ ಕಡೆ ಇದೆ. ಆ ಕಿಕ್‌ನ ಮೂಲ ಕಂಪನ ಸುಮಾರು 50 ಹರ್ಟ್ಜ್. ಮೊಬೈಲಿನ ಪುಟ್ಟ ಸ್ಪೀಕರ್ 200 ಹರ್ಟ್ಜ್‌ನಿಂದ ಕೆಳಗೆ ಹೆಚ್ಚುಕಡಿಮೆ ಮೂಕ. ಡಬ್‌ಸ್ಟೆಪ್, ಜಂಗಲ್, ಡ್ರಿಲ್‌ನಂಥ ಶೈಲಿಗಳಲ್ಲಿ ಮಾತೆಲ್ಲ ನಡೆಯುವುದು ಆ ಕೆಳಗಿನ ಭಾಗದಲ್ಲೇ. ಅದು ಕಿವಿಗೆ ಬೀಳದಿದ್ದರೆ 'ಇದರಲ್ಲೇನಿದೆ' ಎಂದು ಪಕ್ಕಕ್ಕಿಡುತ್ತೀರಿ, ಒಳ್ಳೆಯ ಹಾಡು ಕೈತಪ್ಪುತ್ತದೆ.

ಸಾಧಾರಣ ಬೆಲೆಯ ವೈರ್ ಇಯರ್‌ಫೋನ್ ಸಾಕು, ಕಿವಿಯೊಳಗೆ ಸಡಿಲವಾಗಿ ಕೂರಬಾರದು ಅಷ್ಟೇ. ಸಡಿಲವಾದರೆ ಮೊದಲು ಸೋರಿಹೋಗುವುದೇ ಬಾಸ್, ಅಂದರೆ ಆ ಕೆಳಗಿನ ಸದ್ದು. ಫೋನಿನ ಈಕ್ವಲೈಜರ್‌ನಲ್ಲಿ 'ಬಾಸ್ ಬೂಸ್ಟ್' ಇದ್ದರೆ ತೆಗೆದುಬಿಡಿ. ಈ ಹಾಡುಗಳಲ್ಲಿ ಬಾಸ್ ಮೊದಲೇ ತುಂಬಿರುತ್ತದೆ, ಮತ್ತೆ ಏರಿಸಿದರೆ ಮಧ್ಯದ ಸದ್ದೆಲ್ಲ ಕೆಸರಾಗುತ್ತದೆ. ಡೇಟಾ ಲೆಕ್ಕ ಬೇಕಿದ್ದವರಿಗೆ: 96 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 43 ಎಂಬಿ, 320ರಲ್ಲಿ 144 ಎಂಬಿ. ಹುಡುಕುವಾಗ ಕಡಿಮೆ ಗುಣಮಟ್ಟ ನಡೆಯುತ್ತದೆ. ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಬೇಡ, 96ರಲ್ಲಿ ಹೈ-ಹ್ಯಾಟ್ (ಡ್ರಮ್ ಜತೆಯ ಕಂಚಿನ ತಟ್ಟೆ ಜೋಡಿ) ಸದ್ದು ಕಲಸಿಹೋಗಿ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತವೆ.

ಒಂದು ಹಾಳೆ, ಎಂಟು ಕಾಲಂ

ಗೂಗಲ್ ಶೀಟ್ ಆದರೂ ಸರಿ, ಪುಸ್ತಕವಾದರೂ ಸರಿ. ಹಾಡು, ಕಲಾವಿದರು, ಪ್ರೊಡ್ಯೂಸರ್, ಲೇಬಲ್ ಮತ್ತು ಕ್ಯಾಟಲಾಗ್ ನಂಬರ್ (ಲೇಬಲ್ ಪ್ರತಿ ಬಿಡುಗಡೆಗೆ ಕೊಡುವ ಗುರುತು), ವರ್ಷ, ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಎಣಿಕೆ), ಎಲ್ಲಿ ಸಿಕ್ಕಿತು, ಮುಂದೆ ಹಿಡಿಯಬೇಕಾದ ಹೆಸರು. ಎಂಟನೆಯದೇ ಮುಖ್ಯ, ಅದನ್ನು ಖಾಲಿ ಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. 'ಲೈಕ್' ಒತ್ತಿ ಸಾವಿರ ಹಾಡು ಗುಡ್ಡೆ ಹಾಕಿಕೊಂಡವರ ಬಳಿ ಇಲ್ಲದಿರುವುದು ಇದೇ ಕಾಲಂ.

ವರ್ಷ ಬರೆಯುವಾಗ ಜೋಪಾನ. ಸ್ಟ್ರೀಮಿಂಗ್ ಆ್ಯಪ್‌ಗಳು ಎಷ್ಟೋ ಸಲ ಮರುಬಿಡುಗಡೆಯ ವರ್ಷ ತೋರಿಸುತ್ತವೆ. 1987ರ ಹಾಡಿನ ಪಕ್ಕ 2014 ಎಂದಿರುತ್ತದೆ. ಅದನ್ನೇ ನಂಬಿದರೆ ಯಾರು ಯಾರಿಂದ ಕಲಿತರು ಎಂಬ ಕ್ರಮವೇ ತಲೆಕೆಳಗಾಗುತ್ತದೆ. ಆಲ್ಬಮ್ ಪುಟದ ಕೊನೆಗೆ ಇಳಿದು, ವೃತ್ತದೊಳಗೆ 'ಪಿ' ಅಕ್ಷರ ಇರುವ ಸಾಲು ನೋಡಿ. ಅಲ್ಲಿ ಧ್ವನಿಮುದ್ರಣದ ಹಕ್ಕುದಾರರ ಹೆಸರಿರುತ್ತದೆ, ಲೇಬಲ್ ಗೊತ್ತಾಗುವುದು ಬಹುಪಾಲು ಇಲ್ಲೇ. ಮೂಲ ವರ್ಷವನ್ನು ಡಿಸ್ಕಾಗ್ಸ್ ತಾಣದಲ್ಲಿ ಖಚಿತ ಮಾಡಿಕೊಳ್ಳಿ. 2000ದಲ್ಲಿ ಎಲೆಕ್ಟ್ರಾನಿಕ್ ರೆಕಾರ್ಡ್‌ಗಳ ಪಟ್ಟಿಗೆಂದೇ ಶುರುವಾದ ತಾಣವದು. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಉಚಿತ ಬೇರೆ.

ಹೆಜ್ಜೆ 1: ಬೀಟ್ ಮಾಡಿದವರು ಯಾರು

ಸ್ಪಾಟಿಫೈಯಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್, ಅಂದರೆ ಯಾರು ಏನು ಮಾಡಿದರೆಂಬ ಪಟ್ಟಿ ಸಿಗುತ್ತದೆ. ರ್‍ಯಾಪ್‌ನಲ್ಲಿ ಹಾಡಿನ ಅರ್ಧ ಗುಣ ಬೀಟಿನದು. ದೆಹಲಿಯ ಪ್ರೊಡ್ಯೂಸರ್ ಸೆಜ್ ಆನ್ ದ ಬೀಟ್ ಎಂಬ ಒಂದೇ ಹೆಸರು ಹಿಡಿದು ನೋಡಿ. 2015ರಲ್ಲಿ ಡಿವೈನ್ ಮತ್ತು ನೇಜಿ ಹಾಡಿದ 'ಮೇರೆ ಗಲ್ಲಿ ಮೇ', 2017ರಲ್ಲಿ ಪ್ರಭ್ ದೀಪ್ ಆಲ್ಬಮ್ 'ಕ್ಲಾಸ್-ಸಿಖ್', 2018ರಲ್ಲಿ ಸೀಧೆ ಮೌತ್ ಜೋಡಿಯ 'ಬಯಾನ್'. ಹಾಡಿದವರು ಬೇರೆ ಬೇರೆ ರ್‍ಯಾಪರ್‌ಗಳು, ಮೂರು ಬೇರೆ ಧಾಟಿ, ಹಿಂದೆ ಕೂತವನು ಒಬ್ಬನೇ. ಕೊನೆಯ ಎರಡೂ ಅಜಾದಿ ರೆಕಾರ್ಡ್ಸ್‌ನಿಂದ ಬಂದವು. ಅಲ್ಲಿಗೆ ಲೇಬಲ್ ಹೆಸರೂ ಸಿಕ್ಕಿತು, ಇನ್ನು ಆ ಪಟ್ಟಿ ಬಿಚ್ಚಬಹುದು. ಬೆಂಗಳೂರಿನಲ್ಲಿ ಹೆಸರು ಮಾಡಿದ ರ್‍ಯಾಪರ್ ಹನುಮಾನ್‌ಕೈಂಡ್‌ನ 'ಬಿಗ್ ಡಾಗ್ಸ್' 2024ರಲ್ಲಿ ಜಗತ್ತೆಲ್ಲ ಸುತ್ತಿತು. ಅದನ್ನು ಕೇಳಿ ಮೆಚ್ಚಿದವರು ಪ್ರೊಡ್ಯೂಸರ್ ಕಲ್ಮಿಯ ಬೇರೆ ಕೆಲಸ ಹುಡುಕಿದರೆ ಲಾಭವಿದೆ.

ಕನ್ನಡ ರ್‍ಯಾಪ್‌ನಲ್ಲಿ ಕ್ರೆಡಿಟ್ಸ್ ಹೆಚ್ಚಾಗಿ ಯೂಟ್ಯೂಬ್ ವಿವರಣೆಯಲ್ಲಿ ಇರುತ್ತದೆ. ಎಂ.ಸಿ. ಬಿಜ್ಜು ಅಥವಾ ರಾಹುಲ್ ಡಿಟೊ ಹಾಡು ಕೇಳುವಾಗ ವಿಡಿಯೊ ಕೆಳಗಿನ ವಿವರಣೆ ಪೂರ್ತಿ ಬಿಚ್ಚಿ, 'ಮಿಕ್ಸ್ ಅಂಡ್ ಮಾಸ್ಟರ್' ಎಂಬ ಸಾಲು (ಸದ್ದುಗಳನ್ನು ಹದವಾಗಿ ಬೆರೆಸಿದ ಎಂಜಿನಿಯರ್ ಹೆಸರು) ಹುಡುಕಿ. ಒಂದು ಊರಿನ ಸಣ್ಣ ರ್‍ಯಾಪರ್‌ಗಳು ಮಿಕ್ಸ್ ಮಾಡಿಸಲು ಹೋಗುವುದು ಸಾಮಾನ್ಯವಾಗಿ ಅದೇ ಎರಡು ಮೂರು ಸ್ಟುಡಿಯೊಗಳಿಗೆ. ಆ ಎಂಜಿನಿಯರ್ ಹೆಸರನ್ನೇ ಯೂಟ್ಯೂಬ್ ಸರ್ಚ್‌ನಲ್ಲಿ ಹಾಕಿದರೆ, ಇನ್ನೂರು ಮುನ್ನೂರು ವ್ಯೂ ದಾಟದ ಹುಡುಗರ ಹಾಡುಗಳು ಮೇಲೆ ಬರುತ್ತವೆ. ಎಲ್ಲವೂ ಚೆನ್ನಾಗಿರುವುದಿಲ್ಲ, ಆದರೆ ಯಾವ ಆ್ಯಪೂ ತೋರಿಸದ ಹಾಡು ಸಿಗುವ ಜಾಗ ಇದೇ.

ಇಲ್ಲೊಂದು ಗುಂಡಿ ಇದೆ. ಹೊಸ ರ್‍ಯಾಪರ್‌ಗಳು ಎಷ್ಟೋ ಜನ ಆನ್‌ಲೈನ್‌ನಲ್ಲಿ 'ಟೈಪ್ ಬೀಟ್' (ಹೆಸರಾಂತ ಕಲಾವಿದರ ಧಾಟಿಯಲ್ಲಿ ಮೊದಲೇ ಮಾಡಿಟ್ಟ ಬೀಟ್) ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಗ್ಗದ ಬಾಡಿಗೆಯಲ್ಲಿ ಒಂದೇ ಬೀಟ್ ಹತ್ತಾರು ಜನಕ್ಕೆ ಹೋಗಿರುತ್ತದೆ. ಹೆಸರು ಹಿಡಿದು ಹೊರಟರೆ ಯಾವುದೋ ದೇಶದ ಬೀಟ್ ಅಂಗಡಿಗೆ ಹೋಗಿ ಮುಟ್ಟುತ್ತೀರಿ, ಅಲ್ಲಿಂದ ಮುಂದೆ ದಾರಿಯಿಲ್ಲ. ಪ್ರೊಡ್ಯೂಸರ್‌ನ ಚಾನೆಲ್‌ನಲ್ಲಿ ಬೇರೆ ದೊಡ್ಡ ರ್‍ಯಾಪರ್‌ಗಳ ಹೆಸರಿನ ಜತೆ 'ಟೈಪ್' ಎಂದು ಸೇರಿಸಿದ ನೂರಾರು ವಿಡಿಯೊ ಕಂಡರೆ ಆ ಎಳೆ ಬಿಟ್ಟು ವಾಪಸ್ ಬನ್ನಿ.

ಹೆಜ್ಜೆ 2: ಸ್ಯಾಂಪಲ್ ಹಿಡಿದು ಹಿಂದಕ್ಕೆ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್ವಿಕ್ ಅವೆನ್ಯೂ ಕಟ್ಟಡದ ಪಾರ್ಟಿಯಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ರೆಕಾರ್ಡ್ ನುಡಿಸಿದ ದಿನವನ್ನು ಹಿಪ್‌ಹಾಪ್ ಹುಟ್ಟಿದ ದಿನವೆಂದು ಆಚರಿಸುತ್ತಾರೆ. ಹಾಡಿನಲ್ಲಿ ಡ್ರಮ್ ಮಾತ್ರ ಉಳಿಯುವ ಕೆಲವೇ ಸೆಕೆಂಡಿನ 'ಬ್ರೇಕ್' ಭಾಗವನ್ನು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಹಿಂದೆ ಮುಂದೆ ಆಡಿಸಿ ಉದ್ದ ಮಾಡಿದ್ದು ಹರ್ಕ್‌ನ ಹೆಗ್ಗಳಿಕೆ. ಅಂದರೆ ಈ ಸಂಗೀತ ಹುಟ್ಟಿದ್ದೇ ಬೇರೆ ಹಾಡಿನ ಹೊಟ್ಟೆಯಿಂದ. ಹಾಗಿದ್ದ ಮೇಲೆ ತಾಯಿಬೇರು ಹುಡುಕುವುದೂ ಸುಲಭ.

ಹೂಸ್ಯಾಂಪಲ್ಡ್ ತಾಣದಲ್ಲಿ ಹಾಡಿನ ಹೆಸರು ಹಾಕಿ. ಯಾವ ಹಾಡಿನಿಂದ ಎತ್ತಿದ್ದು, ಮೂಲದಲ್ಲಿ ಎಷ್ಟನೇ ನಿಮಿಷ-ಸೆಕೆಂಡಿನಲ್ಲಿ ಬರುತ್ತದೆ, ಆ ಮೂಲವನ್ನು ಇನ್ನು ಯಾರ್‍ಯಾರು ಬಳಸಿದ್ದಾರೆ ಎಂಬುದೆಲ್ಲ ಇರುತ್ತದೆ. ಕೊನೆಯದೇ ಚಿನ್ನದ ಗಣಿ. ದ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ ತುಣುಕನ್ನು ತೆರೆದು ನೋಡಿ. ಎನ್‌ಡಬ್ಲ್ಯುಎ ತಂಡದ 1988ರ ರ್‍ಯಾಪ್‌ನಲ್ಲೂ ಅದೇ, ಲಂಡನ್ನಿನ ಜಂಗಲ್ ಶೈಲಿಯ ಲೆಕ್ಕವಿಲ್ಲದಷ್ಟು ರೆಕಾರ್ಡ್‌ಗಳಲ್ಲೂ ಅದೇ. ರ್‍ಯಾಪ್‌ನವರು ಮೂಲಕ್ಕಿಂತ ನಿಧಾನ ಮಾಡಿಕೊಂಡರು, ಜಂಗಲ್‌ನವರು ವೇಗ ಏರಿಸಿ ಚೂರುಚೂರು ಮಾಡಿ ಮರುಜೋಡಿಸಿದರು.

ಹಿಪ್‌ಹಾಪ್‌ನಿಂದ ಎಲೆಕ್ಟ್ರಾನಿಕ್‌ಗೆ ದಾಟಲು ಅತ್ಯುತ್ತಮ ಸೇತುವೆ ಯಾವುದೆಂದರೆ, ನಮ್ಮ ಮಟ್ಟಿಗೆ 1982ರ 'ಪ್ಲಾನೆಟ್ ರಾಕ್'. ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸಾನಿಕ್ ಫೋರ್ಸ್ ಹೆಸರಲ್ಲಿ ಟಾಮಿ ಬಾಯ್ ಲೇಬಲ್ ತಂದ ಹಾಡು, ಪ್ರೊಡ್ಯೂಸರ್ ಆರ್ಥರ್ ಬೇಕರ್, ಡ್ರಮ್ ಟಿಆರ್-808. ಅದರ ಮುಖ್ಯ ಟ್ಯೂನ್ ಜರ್ಮನಿಯ ಡುಸೆಲ್‌ಡಾರ್ಫ್‌ನ ಕ್ರಾಫ್ಟ್‌ವೆರ್ಕ್ ತಂಡದ 1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್'ನದು. ತಾಳದ ಕಟ್ಟು ಅದೇ ತಂಡದ 1981ರ 'ನಂಬರ್ಸ್' ಹಾಡಿನದು. ಮುಂದಕ್ಕೆ ಬನ್ನಿ: 'ಪ್ಲಾನೆಟ್ ರಾಕ್' ಬಂದ ಮರುವರ್ಷ, 1983ರಲ್ಲಿ, ಡೆಟ್ರಾಯಿಟ್‌ನಲ್ಲಿ ಸೈಬೊಟ್ರಾನ್ ತಂಡ 'ಕ್ಲಿಯರ್' ತಂದಿತು. ತಂಡದ ಒಬ್ಬ ಸದಸ್ಯ ಹ್ವಾನ್ ಆಟ್ಕಿನ್ಸ್, 1985ರಲ್ಲಿ ಮೆಟ್ರೊಪ್ಲೆಕ್ಸ್ ಲೇಬಲ್ ಕಟ್ಟಿ ಮಾಡೆಲ್ 500 ಎಂಬ ಹೆಸರಲ್ಲಿ ಟೆಕ್ನೊ ಶುರುಮಾಡಿದವನು. 2005ಕ್ಕೆ ಬಂದರೆ ರ್‍ಯಾಪರ್ ಮಿಸ್ಸಿ ಎಲಿಯಟ್ 'ಲೂಸ್ ಕಂಟ್ರೋಲ್' ಹಾಡಿಗೆ ಎತ್ತಿಕೊಂಡದ್ದು ಇದೇ 'ಕ್ಲಿಯರ್' ಅನ್ನು. ನಾಲ್ಕೇ ಕೊಂಡಿಯಲ್ಲಿ ಬ್ರಾಂಕ್ಸ್, ಡುಸೆಲ್‌ಡಾರ್ಫ್, ಡೆಟ್ರಾಯಿಟ್ ಸುತ್ತಿ ಮತ್ತೆ ರ್‍ಯಾಪ್‌ಗೇ ಬಂದಿರಿ. ಒಂದೊಂದು ನಿಲ್ದಾಣದಲ್ಲೂ ಇಳಿದು ಅಕ್ಕಪಕ್ಕದ ಎರಡು ಹಾಡು ಕೇಳಿದರೆ ಒಂದು ವಾರಕ್ಕೆ ಸಾಕಾಗುವಷ್ಟು ಸಿಗುತ್ತದೆ.

ಒಂದು ಸೂಕ್ಷ್ಮ ಗಮನಿಸಿ. 'ಪ್ಲಾನೆಟ್ ರಾಕ್'ನಲ್ಲಿ ಕ್ರಾಫ್ಟ್‌ವೆರ್ಕ್ ರೆಕಾರ್ಡನ್ನೇ ಕತ್ತರಿಸಿ ಅಂಟಿಸಿಲ್ಲ, ಕೀಬೋರ್ಡ್‌ನಲ್ಲಿ ಮತ್ತೆ ನುಡಿಸಿದ್ದಾರೆ. ಇದಕ್ಕೆ ಇಂಟರ್‌ಪೊಲೇಷನ್ ಎನ್ನುತ್ತಾರೆ. ಹುಡುಕುವವರಿಗೆ ಈ ವ್ಯತ್ಯಾಸ ಏಕೆ ಬೇಕೆಂದರೆ, ಮೂಲ ರೆಕಾರ್ಡನ್ನೇ ಎತ್ತಿದ್ದರೆ ಹಾಡು ಕೇಳಿಸಿಕೊಂಡು ಹೆಸರು ಹೇಳುವ ಶಜಾಮ್‌ನಂಥ ಆ್ಯಪ್ ಕೆಲವೊಮ್ಮೆ ಮೂಲವನ್ನು ಗುರುತಿಸುತ್ತದೆ. ಮರುನುಡಿಸಿದ್ದರೆ ಎಂದೂ ಇಲ್ಲ, ಅಲ್ಲಿ ಕ್ರೆಡಿಟ್ಸ್‌ನ 'ಬರೆದವರು' ಎಂಬ ಸಾಲೇ ಗತಿ. ರ್‍ಯಾಪ್ ಹಾಡಿನ ಬರಹಗಾರರ ಪಟ್ಟಿಯಲ್ಲಿ ಹಳೆಯ ಕಾಲದ, ಸಂಬಂಧವೇ ಇಲ್ಲದಂತೆ ಕಾಣುವ ಹೆಸರು ಇದ್ದರೆ ಅಲ್ಲೊಂದು ಮೂಲ ಅಡಗಿದೆ ಎಂದೇ ಅರ್ಥ.

ನಮ್ಮ ಕಡೆಯ ಹಾಡುಗಳೂ ಈ ಜಾಲದಲ್ಲಿವೆ. ಲಾಸ್ ಏಂಜಲಿಸ್‌ನ ಸ್ಟೋನ್ಸ್ ಥ್ರೋ ಲೇಬಲ್‌ಗೆ ಪ್ರೊಡ್ಯೂಸರ್ ಮ್ಯಾಡ್‌ಲಿಬ್ 2007ರಲ್ಲಿ ಮಾಡಿದ 'ಬೀಟ್ ಕಂಡಕ್ಟ'ದ ಭಾರತದ ಭಾಗ ಪೂರ್ತಿ ಭಾರತೀಯ ಸಿನಿಮಾ ಸಂಗೀತದ ಚೂರುಗಳದ್ದು. ಬ್ರಿಟನ್ನಿನ ಗಾಯಕಿ ಎಂ.ಐ.ಎ. 2007ರ 'ಬಾಂಬೂ ಬಂಗಾ'ಕ್ಕೆ ಇಳಯರಾಜರ 'ದಳಪತಿ' ಹಾಡನ್ನು ಎತ್ತಿದ್ದಾಳೆ. ಇನ್ನು ಚರಣ್‌ಜಿತ್ ಸಿಂಗ್. ಈ ಮುಂಬೈ ವಾದ್ಯಗಾರರು 1982ರಲ್ಲಿ 808 ಡ್ರಮ್ ಮಷಿನ್, ಟಿಬಿ-303 ಬಾಸ್ ಯಂತ್ರ, ಜ್ಯೂಪಿಟರ್-8 ಸಿಂಥಸೈಜರ್‌ಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಆಲ್ಬಮ್ ಮಾಡಿದರು. ಷಿಕಾಗೊದ ಫ್ಯೂಚರ್ ತಂಡ 303 ಯಂತ್ರದಿಂದ ಆ್ಯಸಿಡ್ ಹೌಸ್ ಎಂಬ ಕ್ಲಬ್ ಶೈಲಿ ತಂದದ್ದು ಅದಾದ ಐದು ವರ್ಷಕ್ಕೆ, 1987ರಲ್ಲಿ. ಚರಣ್‌ಜಿತ್ ಸಿಂಗ್ ಆಲ್ಬಮ್ 2010ರಲ್ಲಿ ಮರುಬಿಡುಗಡೆ ಆಗುವವರೆಗೆ ಹೆಚ್ಚಿನವರ ಕಿವಿಗೆ ಬಿದ್ದಿರಲಿಲ್ಲ. ಕಲ್ಯಾಣಿಯೋ ಭೈರವಿಯೋ ಗೊತ್ತಿರುವವರಿಗೆ ಆ್ಯಸಿಡ್ ಹೌಸ್‌ಗೆ ಇದಕ್ಕಿಂತ ಸಲೀಸಾದ ಬಾಗಿಲಿಲ್ಲ.

ಹುಡುಕಿದ ರ್‍ಯಾಪ್ ಆಲ್ಬಮ್ ಸ್ಟ್ರೀಮಿಂಗ್‌ನಲ್ಲಿ ಸಿಗದಿದ್ದರೆ ಕಾರಣ ಹೆಚ್ಚಾಗಿ ಸ್ಯಾಂಪಲ್ ಹಕ್ಕೇ. 1991ರಲ್ಲಿ ರ್‍ಯಾಪರ್ ಬಿಜ್ ಮಾರ್ಕಿ ವಿರುದ್ಧ ಬಂದ ತೀರ್ಪಿನ ನಂತರ ಅಮೆರಿಕದಲ್ಲಿ ಅನುಮತಿ ಇಲ್ಲದೆ ಸ್ಯಾಂಪಲ್ ಮುಟ್ಟುವುದೇ ಕಷ್ಟವಾಯಿತು. ಡಿ ಲಾ ಸೋಲ್ ತಂಡದ ಮೊದಲ ಆಲ್ಬಮ್‌ಗಳು 2023ರ ಮಾರ್ಚ್‌ವರೆಗೆ ಯಾವ ಸ್ಟ್ರೀಮಿಂಗ್‌ನಲ್ಲೂ ಇರಲಿಲ್ಲ. ಅಂಥವನ್ನು ಇಂಟರ್ನೆಟ್ ಆರ್ಕೈವ್‌ನ ಮಿಕ್ಸ್‌ಟೇಪ್ ಸಂಗ್ರಹದಲ್ಲೋ ಯೂಟ್ಯೂಬ್‌ನಲ್ಲೋ ನೋಡಬೇಕು.

ಹೆಜ್ಜೆ 3: ಲೇಬಲ್ ಪಟ್ಟಿ ಬಿಚ್ಚುವುದು

ಎಲೆಕ್ಟ್ರಾನಿಕ್‌ನಲ್ಲಿ ಲೇಬಲ್ ಹೆಸರೇ ರುಚಿಯ ಗುರುತು. ದೊಡ್ಡ ಕಂಪನಿ ಬೇಡ. ಒಬ್ಬರೋ ಇಬ್ಬರೋ ನಡೆಸುವ, ಇಪ್ಪತ್ತರಿಂದ ಅರವತ್ತು ಬಿಡುಗಡೆ ಇರುವ ಲೇಬಲ್ ಆರಿಸಿಕೊಳ್ಳಿ. ಡಿಸ್ಕಾಗ್ಸ್‌ನಲ್ಲಿ ಲೇಬಲ್ ಪುಟ ತೆರೆದು ವರ್ಷದ ಪ್ರಕಾರ ಜೋಡಿಸಿ, ಮೊದಲ ಐದು ಮತ್ತು ಕೊನೆಯ ಐದು ಕೇಳಿ. ಮೊದಲ ಐದರಲ್ಲಿ ಅವರು ಯಾಕೆ ಶುರುಮಾಡಿದರೆಂದು ತಿಳಿಯುತ್ತದೆ, ಕೊನೆಯ ಐದರಲ್ಲಿ ಈಗ ಎಲ್ಲಿದ್ದಾರೆಂದು. ಎರಡರಲ್ಲೂ ಒಂದೂ ಹಿಡಿಸದಿದ್ದರೆ ನಡುವಿನದ್ದಕ್ಕೆ ಕೈ ಹಾಕಬೇಕಾಗಿಲ್ಲ.

ಪ್ರತಿ ಬಿಡುಗಡೆಯ ಪುಟದಲ್ಲಿ ಎಷ್ಟು ಜನರ ಬಳಿ ಅದು ಇದೆ, ಎಷ್ಟು ಜನಕ್ಕೆ ಬೇಕಾಗಿದೆ ಎಂಬ ಎರಡು ಅಂಕಿ ಇರುತ್ತದೆ. 'ಬೇಕು' ಎನ್ನುವವರು 'ಇದೆ' ಎನ್ನುವವರಿಗಿಂತ ಹೆಚ್ಚಿದ್ದರೆ ಮೊದಲು ಅದನ್ನು ಕೇಳಿ. ಕ್ಯಾಟಲಾಗ್ ನಂಬರ್ ಬರೆದಿಟ್ಟುಕೊಳ್ಳಲು ಹೇಳಿದ್ದು ಇದಕ್ಕೇ: ಹಾಡಿನ ಹೆಸರು ಸಾಮಾನ್ಯ ಪದವಾಗಿದ್ದರೆ ಸರ್ಚ್‌ನಲ್ಲಿ ಸಾವಿರ ಕಸ ಬರುತ್ತದೆ, ಲೇಬಲ್ ಹೆಸರಿನ ಜತೆ ನಂಬರ್ ಹಾಕಿದರೆ ನೇರ ಅಲ್ಲಿಗೇ ಹೋಗುತ್ತದೆ.

ಲಂಡನ್ನಿನ ಹೈಪರ್‌ಡಬ್ ಉದಾಹರಣೆ ನೋಡಿ. ಕೋಡ್9 ಎಂಬ ಡಿಜೆ 2004ರಲ್ಲಿ ಲೇಬಲ್ ಆಗಿ ಶುರುಮಾಡಿದ್ದು. ಪ್ರೊಡ್ಯೂಸರ್ ಬೆರಿಯಲ್‌ನ ಮಂಕು ಕವಿದ ಗರಾಜ್ (ಲಂಡನ್ನಿನ ಒಂದು ಕ್ಲಬ್ ಶೈಲಿ) ಹುಡುಕಿ ಬಂದವರಿಗೆ ಅದೇ ಪಟ್ಟಿಯಲ್ಲಿ 2013ರ 'ಡಬಲ್ ಕಪ್' ಸಿಗುತ್ತದೆ, ಷಿಕಾಗೊದ ಡಿಜೆ ರಶಾದ್ ಆಲ್ಬಮ್. ಶೈಲಿ ಫುಟ್‌ವರ್ಕ್, 160 ಬಿಪಿಎಂ, ಕಾಲಿನ ಕುಣಿತದ ಪೈಪೋಟಿಗೆಂದೇ ಮಾಡಿದ್ದು. ಅಲ್ಲಿಂದ ಪ್ಲಾನೆಟ್ ಮ್ಯೂ ಲೇಬಲ್‌ನ 2010ರ 'ಬ್ಯಾಂಗ್ಸ್ ಅಂಡ್ ವರ್ಕ್ಸ್' ಸಂಕಲನಕ್ಕೆ ಹೋದರೆ ಆ ಓಣಿಯ ಅಷ್ಟೂ ಹೆಸರು ಒಂದೇ ಕಡೆ ಸಿಗುತ್ತದೆ. ಗೊತ್ತಿಲ್ಲದ ಶೈಲಿಗೆ ಕಾಲಿಡಲು ಯಾವಾಗಲೂ ಸಂಕಲನವೇ ಮೇಲು. ಒಬ್ಬ ಕಲಾವಿದನ ಆಲ್ಬಮ್ ಹಿಡಿಸದಿದ್ದರೆ ಇಡೀ ಶೈಲಿಯನ್ನೇ ಬಿಟ್ಟುಬಿಡುವ ಅಪಾಯ ಅದರಲ್ಲಿಲ್ಲ.

ಮಾರುಹೆಸರುಗಳ ವಿಷಯ. ಡೆಟ್ರಾಯಿಟ್‌ನ ಡ್ರೆಕ್ಸಿಯಾ ಜೋಡಿಯಲ್ಲಿ ಇದ್ದವರು ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್. ಸ್ಟಿನ್ಸನ್ 'ದಿ ಅದರ್ ಪೀಪಲ್ ಪ್ಲೇಸ್' ಹೆಸರಲ್ಲಿ 2001ರಲ್ಲಿ ವಾರ್ಪ್ ಲೇಬಲ್‌ಗೆ ಒಂದು ಆಲ್ಬಮ್ ಮಾಡಿ ಮರುವರ್ಷ ತೀರಿಕೊಂಡ. ಡೊನಾಲ್ಡ್ 'ಡಾಪ್ಲರೆಫೆಕ್ಟ್' ಹೆಸರಲ್ಲಿ ಮುಂದುವರಿದ. ಡ್ರೆಕ್ಸಿಯಾ ಇಷ್ಟಪಟ್ಟು ಉಳಿದೆರಡು ಹೆಸರು ಗೊತ್ತೇ ಇಲ್ಲದವರು ಬೇಕಾದಷ್ಟಿದ್ದಾರೆ, ಸ್ಟ್ರೀಮಿಂಗ್ ಆ್ಯಪ್ ಈ ಮೂರನ್ನೂ ಮೂರು ಬೇರೆ ಜನ ಎಂದೇ ತಿಳಿದಿರುತ್ತದೆ. ಡಿಸ್ಕಾಗ್ಸ್ ಕಲಾವಿದರ ಪುಟದಲ್ಲಿ 'ಏಲಿಯಸಸ್' ಎಂಬ ಸಾಲು ಇದ್ದರೆ ಒಂದನ್ನೂ ಬಿಡದೆ ಒತ್ತಿ.

ಬೆಂಗಳೂರಿನವರು ಕನ್ಸಾಲಿಡೇಟ್ ಎಂಬ ಊರಿನದೇ ಲೇಬಲ್‌ನಿಂದ ಶುರುಮಾಡಬಹುದು. ಊರಿನ ಕಾರ್ಯಕ್ರಮಗಳ ಪೋಸ್ಟರ್‌ನಲ್ಲೂ ದೊಡ್ಡ ಅಕ್ಷರದ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರದವರನ್ನು ಬರೆದುಕೊಳ್ಳಿ. ಮೊದಲ ಎರಡು ಗಂಟೆ ನುಡಿಸುವ ವಾರ್ಮ್-ಅಪ್ ಡಿಜೆಗೆ ಜನಪ್ರಿಯ ಹಾಡು ಹಾಕುವ ಒತ್ತಡ ಇರುವುದಿಲ್ಲ. ಹೊಸದು ಕೇಳಲು ಸಿಗುವುದು ಆಗಲೇ.

ಹೆಜ್ಜೆ 4: ರೇಡಿಯೊ ಮತ್ತು ಡಿಜೆ ಸೆಟ್

ಲಂಡನ್ನಿನ ಎನ್‌ಟಿಎಸ್ 2011ರಲ್ಲಿ ಶುರುವಾದ ಆನ್‌ಲೈನ್ ರೇಡಿಯೊ. ಹಳೆಯ ಕಾರ್ಯಕ್ರಮಗಳು ಹಾಡಿನ ಪಟ್ಟಿಯ ಸಮೇತ ಉಚಿತವಾಗಿ ಸಿಗುತ್ತವೆ. ರಿನ್ಸ್ ಎಫ್‌ಎಂ 1994ರಲ್ಲಿ ಕಳ್ಳ ರೇಡಿಯೊ ಆಗಿ ಹುಟ್ಟಿ 2010ರಲ್ಲಿ ಪರವಾನಗಿ ಪಡೆದದ್ದು, ಗ್ರೈಮ್ ಮತ್ತು ಡಬ್‌ಸ್ಟೆಪ್ ಶೈಲಿಗಳು ಬೆಳೆದದ್ದು ಅಲ್ಲೇ. ದೆಹಲಿಯ ಬಾಕ್ಸ್‌ಔಟ್.ಎಫ್‌ಎಂ 2017ರಿಂದ ಇದೆ. ನೇರ ಪ್ರಸಾರ ಕೇಳುವವರಿಗೆ: ಲಂಡನ್ ಸಮಯಕ್ಕೆ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಕೂಡಿಸಿ.

ಕಾರ್ಯಕ್ರಮ ಆರಿಸುವುದು ಹೀಗೆ. ನಿಮ್ಮ ಹಾಳೆಯಲ್ಲಿರುವ ಒಂದು ಅಪರೂಪದ ಹಾಡಿನ ಹೆಸರನ್ನು ರೇಡಿಯೊ ತಾಣದ ಸರ್ಚ್‌ನಲ್ಲಿ ಹಾಕಿ. ಅದನ್ನು ನುಡಿಸಿದ ಕಾರ್ಯಕ್ರಮ ಸಿಕ್ಕರೆ ಆ ಡಿಜೆಯ ರುಚಿ ನಿಮ್ಮದಕ್ಕೆ ಹತ್ತಿರ, ಉಳಿದ ಹತ್ತು ಹದಿನೈದು ಹಾಡು ಕಣ್ಣುಮುಚ್ಚಿ ಕೇಳಬಹುದು. ಎಲ್ಲರಿಗೂ ಗೊತ್ತಿರುವ ಹಾಡು ಹಾಕಿ ಹುಡುಕಿದರೆ ಏನೂ ಪ್ರಯೋಜನವಿಲ್ಲ.

ಸೆಟ್ (ಡಿಜೆ ಎಡೆಬಿಡದೆ ಬೆಸೆದು ನುಡಿಸಿದ ಹಾಡುಗಳ ಸಾಲು) ಕೇಳುವಾಗ 'ಇದು ಯಾವ ಹಾಡು' ಎಂಬ ಪ್ರಶ್ನೆ ಬರುತ್ತದೆ. ಶಜಾಮ್ ಸೋಲುವುದು ಮೂರು ಕಾರಣಕ್ಕೆ. ಎರಡು ಹಾಡು ಒಂದರ ಮೇಲೊಂದು ಓಡುತ್ತಿರಬಹುದು. ಹಾಡು ಇನ್ನೂ ಬಿಡುಗಡೆಯೇ ಆಗಿರದ ಡಬ್‌ಪ್ಲೇಟ್ ಆಗಿರಬಹುದು. ಅಥವಾ ಡಿಜೆ ವೇಗ ಬದಲಿಸಿರಬಹುದು. ಟೆಕ್ನಿಕ್ಸ್ 1200 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ 8ರಷ್ಟು ಏರಿಸಬಹುದು, ಇಳಿಸಬಹುದು. ವೇಗದ ಜತೆ ಶ್ರುತಿಯೂ ಏರುತ್ತದೆ, ಸುಮಾರು ಶೇ 6 ಏರಿದರೆ ಶ್ರುತಿ ಒಂದು ಸ್ವರಸ್ಥಾನ ಮೇಲೆ ಹೋಗಿರುತ್ತದೆ. ಆಗ ಆ್ಯಪಿನ ಬಳಿ ಇರುವ ಗುರುತಿಗೂ ಇದಕ್ಕೂ ತಾಳೆಯಾಗುವುದಿಲ್ಲ.

ಪರಿಹಾರ ಇದೆ. ಹಾಡು ಒಂಟಿಯಾಗಿ ಓಡುವ ಹದಿನೈದು ಇಪ್ಪತ್ತು ಸೆಕೆಂಡ್ ಭಾಗ ರೆಕಾರ್ಡ್ ಮಾಡಿಕೊಳ್ಳಿ. ಉಚಿತ ಸಾಫ್ಟ್‌ವೇರ್ ಒಡಾಸಿಟಿಯಲ್ಲಿ ತೆರೆದು ವೇಗ ಮತ್ತು ಪಿಚ್ ಎರಡನ್ನೂ ಒಟ್ಟಿಗೆ ಬದಲಿಸುವ ಎಫೆಕ್ಟ್ ಆರಿಸಿ, ಮೈನಸ್ 2, ಮೈನಸ್ 4, ಮೈನಸ್ 6 ಹೀಗೆ ಇಳಿಸಿ ಪ್ರತಿ ಸಲ ಶಜಾಮ್‌ಗೆ ಕೇಳಿಸಿ. ಯೂಟ್ಯೂಬ್‌ನ ವೇಗದ ಬಟನ್‌ನಿಂದ ಈ ಕೆಲಸ ಆಗುವುದಿಲ್ಲ, ಅದು ವೇಗ ಇಳಿಸಿದರೂ ಶ್ರುತಿಯನ್ನು ಇದ್ದಲ್ಲೇ ಇಡುತ್ತದೆ. ಇಷ್ಟಾದರೂ ಸಿಗದಿದ್ದರೆ 1001ಟ್ರ್ಯಾಕ್‌ಲಿಸ್ಟ್ಸ್ ತಾಣದಲ್ಲಿ ಆ ಸೆಟ್ ಹುಡುಕಿ. ಅಲ್ಲಿ 'ಐಡಿ' ಎಂದಷ್ಟೇ ಬರೆದಿದ್ದರೆ ಹಾಡಿನ ಹೆಸರು ಹೊರಬಂದಿಲ್ಲವೆಂದು ಅರ್ಥ. ಹಾಳೆಯಲ್ಲಿ ಸೆಟ್ಟಿನ ಹೆಸರು, ನಿಮಿಷ ಬರೆದು ತಿಂಗಳೆರಡು ಬಿಟ್ಟು ಮತ್ತೆ ನೋಡಿ.

ಕೇಳಿ ತೀರ್ಮಾನಿಸುವುದು

ಕ್ಲಬ್ ಹಾಡನ್ನು ಮೊದಲ ಇಪ್ಪತ್ತು ಸೆಕೆಂಡ್ ಕೇಳಿ ದಾಟಿಸಬೇಡಿ. ಅಷ್ಟು ಹೊತ್ತು ಬರೀ ಡ್ರಮ್ ಇರುವುದು ಡಿಜೆಗೆ ಹಿಂದಿನ ಹಾಡಿನ ಜತೆ ಬೆಸೆಯಲು ಜಾಗ ಬೇಕೆಂದೇ. ಲೆಕ್ಕ ನೋಡಿ: ನಾಲ್ಕು ಎಣಿಕೆಗೆ ಒಂದು ಬಾರ್, 32 ಬಾರ್‌ಗೆ 128 ಎಣಿಕೆ. 128 ಬಿಪಿಎಂ ಇರುವ ಹೌಸ್ ಹಾಡಿನಲ್ಲಿ ಅದು ಸರಿಯಾಗಿ ಒಂದು ನಿಮಿಷ. ಆದಿತಾಳ ಹಾಕಿ ಗೊತ್ತಿದ್ದವರಿಗೆ ಹದಿನಾರು ಆವರ್ತ. ತಾಳ ಹಾಕುತ್ತಾ ಕೂತರೆ ಹೊಸ ಸದ್ದು ಸೇರುವುದು ಹೆಚ್ಚಾಗಿ ನಾಲ್ಕನೆಯ, ಎಂಟನೆಯ ಆವರ್ತ ಮುಗಿದ ಕೂಡಲೇ ಎಂಬುದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಆರು ನಿಮಿಷದ ಹಾಡಾದರೆ ನೇರ ಎರಡನೇ ನಿಮಿಷಕ್ಕೆ ಹಾರಿ, ಅಲ್ಲಿಂದ ಒಂದು ನಿಮಿಷ ಕೇಳಿ. ರ್‍ಯಾಪ್‌ಗೆ ಇದು ಬೇಡ, ಮೊದಲ ವರ್ಸ್ (ಚರಣ) ಪೂರ್ತಿ ಕೇಳಿದರೆ ಸಾಕು. ಪ್ರೊಡ್ಯೂಸರ್ ಜೆ ಡಿಲ್ಲಾನ 2006ರ 'ಡೋನಟ್ಸ್' ಥರದ್ದಕ್ಕಂತೂ ಯಾವ ಹಾರಾಟವೂ ನಡೆಯುವುದಿಲ್ಲ. 31 ತುಣುಕುಗಳಲ್ಲಿ ಹೆಚ್ಚಿನವು ಒಂದೂವರೆ ನಿಮಿಷದ ಆಸುಪಾಸಿನವು, ಮೊದಲಿಂದ ಕೊನೆಗೆ ಒಂದೇ ಕೂರಿಕೆಯಲ್ಲಿ ಕೇಳಬೇಕು.

ಬಿಪಿಎಂ ತಿಳಿಯಲು ಆ್ಯಪ್ ಬೇಡ. 15 ಸೆಕೆಂಡಿನಲ್ಲಿ ಬಿದ್ದ ಎಣಿಕೆಗಳನ್ನು ನಾಲ್ಕರಿಂದ ಗುಣಿಸಿ. 85-95 ಬಂದರೆ ಹಳೆ ಧಾಟಿಯ ಬೂಮ್-ಬ್ಯಾಪ್ ರ್‍ಯಾಪ್, 120-128 ಹೌಸ್, 130-135 ಗರಾಜ್, 140 ಡಬ್‌ಸ್ಟೆಪ್ ಅಥವಾ ಡ್ರಿಲ್, 170ರ ಮೇಲಾದರೆ ಡ್ರಮ್ ಅಂಡ್ ಬೇಸ್. ಟ್ರ್ಯಾಪ್‌ನಲ್ಲಿ ಎಡವುತ್ತೀರಿ. 140 ಇರುವುದು 70 ಎಂದು ಕಾಣುತ್ತದೆ, ಏಕೆಂದರೆ ಸ್ನೇರ್ (ಚಟ್ಟೆಂದು ಬಡಿಯುವ ಡ್ರಮ್) ಬೀಳುವುದು ಅರ್ಧದಷ್ಟೇ ಸಲ. ಹೈ-ಹ್ಯಾಟ್ ಗಡಿಬಿಡಿಯಲ್ಲಿದ್ದು ಸ್ನೇರ್ ಸಾವಕಾಶ ಬೀಳುತ್ತಿದ್ದರೆ ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಆ್ಯಪನ್ನು ಪೂರ್ತಿ ದೂರ ಇಡಬೇಕಿಲ್ಲ. ಆದರೆ ಮಲಗುವಾಗ ಹಾಕುವ ಮಳೆ ಸದ್ದು, ಮಕ್ಕಳ ಹಾಡು, ಮದುವೆ ಪ್ಲೇಲಿಸ್ಟ್‌ಗಳನ್ನು ಸ್ಪಾಟಿಫೈಯ ರುಚಿ ಲೆಕ್ಕದಿಂದ ಹೊರಗಿಡುವ ಆಯ್ಕೆ ಬಳಸಿ. ಒಂದೇ ಹೆಸರಿನ ಇಬ್ಬರು ಕಲಾವಿದರ ಹಾಡು ಒಂದೇ ಪುಟದಲ್ಲಿ ಕಲಸಿಹೋಗುವುದೂ ಮಾಮೂಲು. ಟೆಕ್ನೊ ಮಾಡುವವನ ಪುಟದಲ್ಲಿ ಇದ್ದಕ್ಕಿದ್ದಂತೆ ಭಕ್ತಿಗೀತೆ ಕಂಡರೆ ಅವನು ಬದಲಾಗಿಲ್ಲ, ಲೇಬಲ್ ಸಾಲು ನೋಡಿ.

ಕೊಳ್ಳುವ ಜಾಗವೇ ಹುಡುಕುವ ಜಾಗ

ಕಲಾವಿದರಿಂದಲೇ ಹಾಡು ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್ ತಾಣದ ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳ ಸಾಲು ಇರುತ್ತದೆ. ಅಲ್ಲಿ ಒಬ್ಬರನ್ನು ಒತ್ತಿದರೆ ಅವರ ಇಡೀ ಸಂಗ್ರಹ ತೆರೆಯುತ್ತದೆ. ನಿಮ್ಮ ಬಳಿ ಇರುವ ಮೂರು ನಾಲ್ಕು ಆಲ್ಬಮ್ ಅವರಲ್ಲೂ ಇದ್ದರೆ ಅವರನ್ನು ಫಾಲೊ ಮಾಡಿ. ದುಡ್ಡು ಕೊಟ್ಟು ಕೊಂಡವರ ಪಟ್ಟಿ ಇದು, ಲೈಕ್ ಒತ್ತಿದವರದ್ದಲ್ಲ, ಅದಕ್ಕೇ ನಂಬಬಹುದು.

ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇ 15 ಪಾಲು ಇಟ್ಟುಕೊಳ್ಳುತ್ತದೆ. 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ಎಂದು ಘೋಷಿಸಿದ ದಿನಗಳಲ್ಲಿ ಆ ಪಾಲನ್ನೂ ಮಾರುವವರಿಗೇ ಬಿಟ್ಟುಕೊಡುತ್ತದೆ. ಇದು 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಶುರುವಾದ ಪದ್ಧತಿ. ದಿನ ಲೆಕ್ಕವಾಗುವುದು ಅಮೆರಿಕದ ಪೆಸಿಫಿಕ್ ಸಮಯದ ಪ್ರಕಾರ ಮಧ್ಯರಾತ್ರಿಯಿಂದ. ನಮ್ಮಲ್ಲಿ ಅದು ಬೇಸಿಗೆಯಲ್ಲಿ ಶುಕ್ರವಾರ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಕೊಂಡರೆ ಪಾಲು ಬಿಡುವ ದಿನ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಪಾವತಿ ವಿಫಲವಾದರೆ ಹೆಚ್ಚಾಗಿ ಕಾರಣ ನಿಮ್ಮ ಕಾರ್ಡ್. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ತಾನಾಗಿ ಬಂದ್ ಇರುತ್ತದೆ. ಅದನ್ನು ತೆರೆದು, ಮಿತಿಯನ್ನು ಒಂದೆರಡು ಸಾವಿರ ರೂಪಾಯಿಗೆ ಕಟ್ಟಿ, ಕೊಂಡ ಮೇಲೆ ಮತ್ತೆ ಮುಚ್ಚಿ. ಬ್ಯಾಂಕಿನ ವಿದೇಶಿ ಕರೆನ್ಸಿ ಶುಲ್ಕ ಬೇರೆ ಬೀಳುತ್ತದೆಂಬುದು ನೆನಪಿರಲಿ. ಫೈಲ್ ಇಳಿಸುವಾಗ ಸದ್ದು ಚೂರೂ ಕಳೆಯದ ಫ್ಲ್ಯಾಕ್ ಮಾದರಿ ಆರಿಸಿದರೆ ನಿಮಿಷಕ್ಕೆ ಐದಾರು ಎಂಬಿ ಆಗುತ್ತದೆ, ಮುಂದೆ ಬೇಕಾದಾಗ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಿಂದ ಫ್ಲ್ಯಾಕ್ ಮಾಡಿದರೆ ಕಳೆದುಹೋದ ಸದ್ದು ವಾಪಸ್ ಬರುವುದಿಲ್ಲ, ಜಾಗ ಮಾತ್ರ ತಿನ್ನುತ್ತದೆ.